ಮೇಲಿನಿಂದ ಕಾಣಬೇಕು

"ಎತ್ತಬೇಡ್ರೋ, ಎಳೀರಿ! ಎತ್ತಿದ್ರೆ ಹೊಲಿಗೆ ಮೇಲೆ ಭಾರ ಬೀಳುತ್ತೆ. ಎಳೀರಿ ಅಂದ್ನಲ್ಲ!"

ಕೂಗುತ್ತಿದ್ದವನು ಸತ್ತವನ ತಮ್ಮ. ಸತ್ತವನು, ಊರೆಲ್ಲ ಟಾರ್ಪಾಲು ಮೇಸ್ತ್ರಿ ಎಂದು ಕರೆಯುತ್ತಿದ್ದ ಮುದುಕ, ಒಳಗಿನ ಕೋಣೆಯಲ್ಲಿ ಮಂಚದ ಮೇಲಿದ್ದ. ಅವನನ್ನು ಬೀದಿಗೆ ತರಬೇಕಾದರೆ ಅಂಗಡಿಯ ಹಜಾರ ದಾಟಬೇಕು. ಹಜಾರದ ತುಂಬ ಅವನು ಹೊಲಿದ ಬಟ್ಟೆ ಬಿದ್ದಿತ್ತು: ಈ ಗೋಡೆಯಿಂದ ಆ ಗೋಡೆಗೆ, ಹೊಲಿಗೆ ಯಂತ್ರದ ಕಾಲುಗಳನ್ನು ಮುಚ್ಚಿ, ಮಡಿಕೆ ಮಡಿಕೆಯಾಗಿ ಕೋಣೆಯ ಹೊಸಿಲಿಗೆ ಒತ್ತಿಕೊಂಡು. ದಪ್ಪ ಬಿಳಿ ಟಾರ್ಪಾಲು, ನಡುವೆ ಒಂದು ಕೋಣೆಯಷ್ಟು ದೊಡ್ಡ ಕೆಂಪು ಆಸ್ಪತ್ರೆ ಗುರುತು. ಹಾಗಾಗಿ ಹೆಣಕ್ಕಿಂತ ಮೊದಲು ಬಟ್ಟೆ ಹೊರಡಬೇಕಾಯಿತು. ಮೇಸ್ತ್ರಿಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಬದುಕಿದ್ದಾಗಲೂ ಆ ಮನೆಯಲ್ಲಿ ಮೊದಲು ಬಟ್ಟೆಗೆ ಜಾಗ, ಉಳಿದದ್ದರಲ್ಲಿ ಮನುಷ್ಯರಿಗೆ.

"ಮೇಸ್ತ್ರಿನ ಇಬ್ಬರು ಎತ್ತಿದ್ರೆ ಸಾಕು, ಮೇಸ್ತ್ರಿ ಬಟ್ಟೆ ಎತ್ತೋಕೆ ಇಡೀ ಬೀದಿ ಬೇಕು" ಎಂದ ಇಸ್ತ್ರಿ ಅಂಗಡಿಯವ, ಬೆವರು ಒರೆಸಿಕೊಳ್ಳುತ್ತ.

"ಥೂ ನಿನ್ನ! ಸಾವಿನ ಮನೇಲಿ ನಿಂತು ಆಡೋ ಮಾತಾ ಇದು?" ಎಂದಳು ಎದುರುಮನೆಯಾಕೆ. ಬೈದದ್ದೇನೋ ಬೈದಳು, ಆಮೇಲೆ ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಬೆಳಗಿನಿಂದ ಬಂದವರೆಲ್ಲ ಟಕ್ ಟಕ್ ಸದ್ದು ಕೇಳಿಸಿಕೊಂಡೇ ಒಳಗೆ ಬಂದಿದ್ದರು. ಮೇಸ್ತ್ರಿ ಯಂತ್ರದ ಮೇಲೆ ತಲೆಯಿಟ್ಟು ಹೋಗಿಬಿಟ್ಟಾಗ, ಬಟ್ಟೆಯ ಒಂದು ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ರಿಂಗು ಹೊಡೆಯುವುದು ಬಾಕಿ ಇತ್ತು. ತಮ್ಮನೇ ಅಣ್ಣನ ಕಣ್ಣು ಮುಚ್ಚಿಸಿ, ಕೈ ತೊಳೆದು ಬಂದು, ಸುತ್ತಿಗೆ ಹಿಡಿದು ಕೂತ. ಒಳಗೆ ಹೆಂಗಸರು ಅಳುತ್ತಿದ್ದರೆ ಹೊರಗೆ ಇವನು ರಿಂಗು ಹೊಡೆಯುತ್ತಿದ್ದ. ಯಾರಿಗೂ ಅದು ತಪ್ಪು ಎನಿಸಲಿಲ್ಲ. ಅಣ್ಣನ ಕೆಲಸ ಅರ್ಧಕ್ಕೆ ನಿಲ್ಲಬಾರದು ಅಂತ ಎಷ್ಟು ನಿಷ್ಠೆ ನೋಡಿ, ಎಂದು ಮಾತಾಡಿಕೊಂಡರು.

ಮೇಸ್ತ್ರಿಯ ಮಗಳು ಬಾಗಿಲ ಪಕ್ಕ ನಿಂತಿದ್ದಳು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅಂಗಿಯ ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿಕೊಂಡಿದ್ದಳು. ಎಳೆಯುತ್ತಿದ್ದ ಬಟ್ಟೆ ಪಾದಕ್ಕೆ ತಾಗಿದಾಗ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಎದುರುಮನೆಯಾಕೆ ಬಂದು ಅವಳ ಬೆನ್ನು ಸವರಿದಳು. "ಎಷ್ಟು ಚೆನ್ನಾಗಿ ಹೊಲಿದಿದಾರೆ ನೋಡಮ್ಮ ನಿಮ್ಮಪ್ಪ. ಅವತ್ತು ನೀನು ಆ ಹಗ್ಗ ಬಿಚ್ಚದೇ ಇದ್ದಿದ್ರೆ ಕೈ ಉಳೀತಿತ್ತು. ಏನು ಮಾಡೋದು, ಹಣೆಬರಹ."

ಸಮಾಧಾನದ ದನಿಯಲ್ಲೇ ಹೇಳಿದಳು. ಸಮಾಧಾನ ಹೇಳುವುದರಲ್ಲಿ ಆ ಊರಿನವರನ್ನು ಮೀರಿಸುವವರಿಲ್ಲ. ಮಗಳು ಕೈ ಕಳೆದುಕೊಂಡು ಬಂದಾಗಿನಿಂದ ಹಾಲಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಈ ಒಂದೇ ಸಮಾಧಾನ.

ಅಷ್ಟರಲ್ಲಿ ಮನೆಯ ಮುಂದೆ ಒಂದು ಲಾರಿ ಬಂದು ನಿಂತಿತು. ಅದರ ಹಿಂದೆ ಕಾರಿನಿಂದ ಸಹಾಯ ಸಂಘದ ಕಾರ್ಯದರ್ಶಿ ಇಳಿದರು. ಗಡಿಯಾಚೆ, ಬೆಟ್ಟಗಳ ನಡುವಿನ ಕಣಿವೆಯಲ್ಲಿ ಒಂದು ಧರ್ಮಾಸ್ಪತ್ರೆ ಇದೆ. ಅಲ್ಲಿ ಎರಡು ಸೈನ್ಯಗಳು ಹೊಡೆದಾಡಿಕೊಳ್ಳುತ್ತಲೇ ಇವೆ. ಯಾಕೆ ಎಂಬುದು ಈ ಊರಿನಲ್ಲಿ ಯಾರಿಗೂ ನೆನಪಿಲ್ಲ. ಆ ಆಸ್ಪತ್ರೆಗೆ ಔಷಧಿ, ಕಂಬಳಿ, ಹಾಲಿನ ಪುಡಿ ಕಳಿಸಲೆಂದೇ ಊರಿನವರು ಕಟ್ಟಿದ ಸಂಘ ಇದು. ಕಾರ್ಯದರ್ಶಿ ತೀರ ಒಳ್ಳೆಯ ಮನುಷ್ಯ. ಬಂದವರೇ ಮಗಳ ತಲೆಯ ಮೇಲೆ ಕೈಯಿಟ್ಟರು, ಕಣ್ಣು ತುಂಬಿಕೊಂಡರು, ನೆರೆದವರ ಕಡೆ ತಿರುಗಿದರು.

"ಮೇಸ್ತ್ರಿಯವರ ಕೊನೇ ಬಟ್ಟೆ ಇವತ್ತೇ ಹೊರಡುತ್ತೆ. ಮಣ್ಣು ಮುಗಿಸಿ ಬಂದ ತಕ್ಷಣ, ಈ ಮನೆ ಬಾಗಿಲಿಂದಲೇ ಲಾರಿ ಬಿಡೋಣ. ಆಸ್ಪತ್ರೆ ಈಗ ಬೇರೆ ಹಳ್ಳೀಲಿ, ಒಂದು ಶಾಲೆ ಕಟ್ಟಡದಲ್ಲಿ ನಡೀತಿದೆ. ಅಲ್ಲಿಗೆ ಬಂದಿರೋ ಹೊಸ ಡಾಕ್ಟರು ತಾವಾಗೇ ಚೀಟಿ ಕಳಿಸಿ ಕೇಳಿದಾರೆ: ನಮ್ಮ ಚಾವಣಿ ಮೇಲೆ ಗುರುತಿಲ್ಲ, ಬೇಗ ಕಳಿಸಿ ಅಂತ."

ಮಗಳು ಲಾರಿಯ ಕಡೆ ನೋಡಿದಳು. ಆ ಚಾವಣಿಯ ಕೆಳಗೆ ಯಾರು ಯಾರು ಮಲಗಿರುತ್ತಾರೆ ಎಂದು ಆ ಗುಂಪಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಲಾರಿ ಹೊರಡುವುದರೊಳಗೆ ಆ ಬಟ್ಟೆಯನ್ನು ಹೇಗಾದರೂ ನಿಲ್ಲಿಸಬೇಕು.

* * *

ಮಗಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲ. ಆ ಆಸ್ಪತ್ರೆಯನ್ನು ಕಟ್ಟಿದ ಡಾಕ್ಟರು ಊರಿಗೆ ಬಂದು ಶಾಲೆಯ ಸಭಾಂಗಣದಲ್ಲಿ ಮಾತಾಡಿದ್ದರು. ಹಗಲೆಲ್ಲ ವಿಮಾನ ಹಾರಾಡುತ್ತೆ, ಮೇಲಿನಿಂದ ನೋಡಿದರೆ ನಮ್ಮ ಚಾವಣಿಗೂ ದಂಡಿನ ಮನೆಯ ಚಾವಣಿಗೂ ವ್ಯತ್ಯಾಸ ಗೊತ್ತಾಗಲ್ಲ, ಅಂದಿದ್ದರು. ಬಣ್ಣ ಬಳಿದರೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತೆ.

ಹಿಂದಿನ ಸಾಲಿನಿಂದ ಮೇಸ್ತ್ರಿ ಎದ್ದು ನಿಂತ. ಆ ಮನುಷ್ಯ ಸಭೆಯಲ್ಲಿ ಎದ್ದು ನಿಂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಬಣ್ಣ ಯಾಕೆ ಸಾರ್, ಬಟ್ಟೇಲೇ ಹೊಲಿದುಕೊಡ್ತೀನಿ. ಲಾರಿಗೆ ಹಾಕೋ ಟಾರ್ಪಾಲು. ಗಾಳಿ ಬಂದ್ರೂ ಜಗ್ಗಲ್ಲ. ಎಷ್ಟು ಎತ್ತರದಿಂದ ಕಾಣಬೇಕು ಹೇಳಿ."

ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿಯ ಕಿವಿ ಕೆಂಪಾಯಿತು. ಹುಡುಗನಾಗಿದ್ದಾಗಿನಿಂದ ಲಾರಿಗಳಿಗೆ ಟಾರ್ಪಾಲು ಹೊಲಿದು ಬೆನ್ನು ಬಾಗಿಸಿಕೊಂಡವನಿಗೆ ಅದು ಮೊದಲ ಚಪ್ಪಾಳೆ. ಟಾರ್ಪಾಲನ್ನು ಯಾರು ಹೊಗಳುತ್ತಾರೆ? ಸೋರಿದರೆ ಬೈಯುತ್ತಾರೆ, ಸೋರದಿದ್ದರೆ ಅದು ಇದೆ ಎಂಬುದೇ ನೆನಪಿರುವುದಿಲ್ಲ. ಮೊದಲ ಬಟ್ಟೆ ಹೋಗಿ ತಲುಪಿದ ಮೇಲೆ ಡಾಕ್ಟರು ಗುಡ್ಡ ಹತ್ತಿ ಮೇಲಿನಿಂದ ತೆಗೆದ ಒಂದು ಫೋಟೋ ಕಳಿಸಿದರು. ಬೂದು ಬಣ್ಣದ ಹಳ್ಳಿಯ ನಡುವೆ ಒಂದು ಕೆಂಪು ಗುರುತು. ಅದನ್ನು ಯಂತ್ರದ ಎದುರಿನ ಗೋಡೆಗೆ ತೂಗುಹಾಕಿದ. ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು. ಬಿಸಿಲಿಗೆ ಬಣ್ಣ ಹೋಯಿತೆಂದು ಇನ್ನೊಂದು ಹೊಲಿದ, ಅಂಚು ಹರಿಯಿತೆಂದು ಮತ್ತೊಂದು. ಹೆಂಡತಿ ಮನೆಯ ಮಾಡು ಸೋರುತ್ತಿದೆ ಎಂದರೆ, "ಪಾತ್ರೆ ಇಡು" ಎನ್ನುತ್ತಿದ್ದ.

ಆ ಮನೆಗೆ ತನ್ನದೇ ಒಂದು ಹಗ್ಗದ ಗಂಟಿತ್ತು. ಮೇಸ್ತ್ರಿಯ ಅಪ್ಪನ ಕಾಲದ್ದು, ಎಳೆದಷ್ಟೂ ಬಿಗಿಯುವಂಥದ್ದು. ಬಿಚ್ಚಬೇಕಾದರೆ ಒಂದು ಕೈಯಿಂದ ಎಳೆಯನ್ನು ಸಡಿಲಿಸಿ, ಅದೇ ಗಳಿಗೆಗೆ ಇನ್ನೊಂದು ಕೈಯ ಹೆಬ್ಬೆರಳನ್ನು ಒಳಗೆ ನೂಕಬೇಕು. ಹೊರಗಿನವರ ಕೈಗೆ ಬಗ್ಗುವಂಥದ್ದಲ್ಲ. ಮೇಸ್ತ್ರಿಗೆ ಮಗಳ ಜತೆ ಆಡಲು ಬರುತ್ತಿದ್ದ ಆಟ ಇದೊಂದೇ. ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗಕ್ಕೆ ಗಂಟು ಹಾಕಿ ಮಡಿಲಿಗೆ ಎಸೆಯುತ್ತಿದ್ದ. ಅವಳು ಬಿಚ್ಚಿದರೆ ಹಲ್ಲು ಕಾಣುವಂತೆ ನಗುತ್ತಿದ್ದ. "ನೋಡೋ, ನಿನಗಿಂತ ಇವಳೇ ವಾಸಿ" ಎಂದು ತಮ್ಮನನ್ನು ಚುಚ್ಚುತ್ತಿದ್ದ. ತಮ್ಮ ನಗುತ್ತಿರಲಿಲ್ಲ.

ಆ ಫೋಟೋ ನೋಡುತ್ತ ಬೆಳೆದ ಹುಡುಗಿ ನರ್ಸ್ ಆಗಿ ಆ ಕಣಿವೆಗೇ ಹೊರಟು ನಿಂತಾಗ ತಾಯಿ ಎದೆ ಎದೆ ಬಡಿದುಕೊಂಡಳು. ಮೇಸ್ತ್ರಿ ಯಂತ್ರ ನಿಲ್ಲಿಸಲಿಲ್ಲ.

"ಹೋಗಲಿ ಬಿಡು. ನನ್ನ ಬಟ್ಟೆ ಕೆಳಗೇ ಇರ್ತಾಳಲ್ಲ" ಎಂದ.

* * *

ತಾಯಿ ಅಡುಗೆಮನೆಯಲ್ಲಿ ಒಂಟಿಯಾಗಿ ಸಿಕ್ಕಳು. ಬಂದವರಿಗೆ ಚಹಾ ಸೋಸುತ್ತಿದ್ದಳು. ಬೇರೆಯವರು ಮಾಡುತ್ತೇವೆಂದರೂ ಬಿಟ್ಟುಕೊಟ್ಟಿರಲಿಲ್ಲ.

ಮಗಳು ಬಾಗಿಲು ಮುಚ್ಚಿದಳು. "ಅಮ್ಮಾ, ಆ ಬಟ್ಟೆ ಹೋಗಬಾರದು. ನೀನು ಒಂದು ಮಾತು ಹೇಳಿದ್ರೆ ಚಿಕ್ಕಪ್ಪ ಕೇಳ್ತಾನೆ. ನನ್ನ ಗಂಡನ ಕೊನೇ ಬಟ್ಟೆ, ನನ್ನ ಹತ್ರಾನೇ ಇರಲಿ ಅನ್ನು. ಯಾರೂ ಎದುರು ಹೇಳಲ್ಲ."

"ಶುರು ಮಾಡಿದ್ಯಾ? ಇವತ್ತೂ ಬಿಡಲ್ವಾ?"

"ವಿಮಾನದವರು ಗುರುತು ನೋಡಿಕೊಂಡೇ ಹೊಡೀತಾರಮ್ಮ. ಎಷ್ಟು ಸಲ ಹೇಳಲಿ? ಮೊದಲೆಲ್ಲ ಗುರುತು ಕಂಡ್ರೆ ಬಿಟ್ಟು ಹೋಗ್ತಿದ್ರು. ಈಗ ಅದನ್ನೇ ಹುಡುಕ್ತಾರೆ. ಗಾಯ ಆದವರು ಗುಣ ಆಗಿ ಮತ್ತೆ ಎದ್ದು ನಿಲ್ಲಬಾರದು, ಅಷ್ಟೇ ಅವರಿಗೆ ಬೇಕಾಗಿರೋದು. ಆ ಶಾಲೇಲಿ ಬಾಣಂತಿಯರು ಇರ್ತಾರೆ. ಕಾಲಿಲ್ಲದ ಮಕ್ಕಳಿರ್ತಾರೆ. ಇಷ್ಟು ದಿನ ಉಳಿದಿರೋದೇ ಮೇಲೆ ಗುರುತಿಲ್ಲ ಅಂತ."

ತಾಯಿ ಸೋಸಣಿಗೆಯನ್ನು ಕೆಳಗಿಟ್ಟಳು. "ಅವರೆಲ್ಲ ನನ್ನ ಹೊಟ್ಟೇಲಿ ಹುಟ್ಟಿದ್ದಾರಾ? ನನ್ನ ಹೊಟ್ಟೇಲಿ ಹುಟ್ಟಿದ್ದು ನೀನೊಬ್ಬಳು. ನಿನ್ನ ಕೈ ಆಗಲೇ ಹೋಯ್ತು."

"ಅಮ್ಮಾ..."

"ಕೇಳಿಲ್ಲಿ. ನೀನು ಹೇಳೋದು ನಿಜ ಆದ್ರೆ ನಿನ್ನ ಕೈ ಕಡಿದಿದ್ದು ನಿಮ್ಮಪ್ಪ. ಆ ಡಾಕ್ಟರನ್ನ ಕೊಂದಿದ್ದೂ ನಿಮ್ಮಪ್ಪ. ಅಂಥವನ ಜತೆ ನಾನು ಸಂಸಾರ ಮಾಡಿದೆ, ಅಂಥವನಿಗೆ ಇವತ್ತು ಮಣ್ಣು ಹಾಕಬೇಕು. ನನ್ನ ಕೈಲಿ ಆಗಲ್ಲ. ತಪ್ಪು ನಿನ್ನದೇ ಆಗಿರಲಿ. ನೀನು ಬದುಕಿದ್ದೀಯ, ಹೊತ್ಕೋತೀಯ. ಅವರು ಸತ್ತಿದ್ದಾರೆ."

ತಾಯಿ ಲೋಟಗಳಿಗೆ ಚಹಾ ಹೊಯ್ದು, ತಟ್ಟೆಯನ್ನು ಎತ್ತಿಕೊಂಡು, ಬಾಗಿಲು ತೆಗೆಯಲು ಮೊಣಕೈಯಿಂದ ಸನ್ನೆ ಮಾಡಿದಳು. ಮಗಳು ತನ್ನ ಇದ್ದ ಒಂದೇ ಕೈಯಿಂದ ಬಾಗಿಲು ತೆಗೆದಳು.

* * *

ಮಗಳು ಆ ಆಸ್ಪತ್ರೆಯಲ್ಲಿದ್ದ ಕಾಲ. ಪಕ್ಕದ ಕಣಿವೆಯಲ್ಲಿ ಗುರುತಿದ್ದ ಒಂದು ಚಿಕಿತ್ಸಾ ಕೇಂದ್ರ ಉರಿದುಹೋದಾಗ ಗುರಿ ತಪ್ಪಿರಬೇಕು ಎಂದುಕೊಂಡರು. ಅದರಾಚೆಯದೂ ಉರಿದಾಗ ಡಾಕ್ಟರು ಗುರುತಿನ ಬಟ್ಟೆ ತೆಗೆಯಲು ಚಾವಣಿ ಹತ್ತಿದರು. ಗಂಟಿನ ಜತೆ ಗುದ್ದಾಡಿ ಸೋತು, ವಾರ್ಡಿನ ಕಿಟಕಿಗೆ ಬಗ್ಗಿ ಕರೆದರು.

"ನೀನು ಹಾಕಿದ ನಿಮ್ಮಪ್ಪನ ಗಂಟು ನನ್ನ ಕೈಗೆ ಬಗ್ತಾ ಇಲ್ಲ ಕಣಮ್ಮ. ನೀನೇ ಬಾ. ಇಲ್ಲಾಂದ್ರೆ ಹಗ್ಗ ಕತ್ತರಿಸಿಬಿಡ್ತೀನಿ."

"ಕತ್ತರಿಸಬೇಡಿ ಸಾರ್, ಬಂದೆ. ಅಪ್ಪ ಬೇಜಾರು ಮಾಡ್ಕೋತಾರೆ" ಎಂದು ಅವಳು ಏಣಿ ಹತ್ತಿದಳು. ಒಂದೊಂದೇ ಗಂಟು ಬಿಚ್ಚುತ್ತ ಬಂದಳು. ಡಾಕ್ಟರು ಬಿಚ್ಚಿದ ಅಂಚನ್ನು ಸುತ್ತುತ್ತ ಅವಳ ಹಿಂದೆ ಬಂದರು. ಕೊನೆಯ ಮೂಲೆಯಲ್ಲಿ ಎಡಗೈಯಿಂದ ಎಳೆಯನ್ನು ಸಡಿಲಿಸಿ, ಬಲಗೈ ಹೆಬ್ಬೆರಳನ್ನು ಗಂಟಿನೊಳಗೆ ನೂಕಿದ್ದಳು. ಆಗ ವಿಮಾನದ ಸದ್ದು ಕೇಳಿಸಿತು.

ಡಾಕ್ಟರ ದೇಹ ಸಿಕ್ಕಲಿಲ್ಲ.

ಬಲಗೈ ಕಳೆದುಕೊಂಡು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಊರಿಗೆ ಬಂದ ದಿನ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಮಗಳ ಮುಖ ನೋಡಿದ, ತೋಳು ನೋಡಿದ, ಒಳಗೆ ಹೋಗಿ ಕೂತ. ಹಿಂದೆಯೇ ಬಂದ ಅವಳು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇನ್ನೇನು ತನ್ನನ್ನು ಎದೆಗೆ ಎಳೆದುಕೊಳ್ಳುತ್ತಾನೆ ಎಂದು ಅವಳು ಕಾದಳು.

"ಅಂದ್ರೆ, ವಿಮಾನ ಬಂದಾಗ ಬಟ್ಟೆ ಅರ್ಧ ಸುತ್ತಿತ್ತು" ಎಂದ ಮೇಸ್ತ್ರಿ.

"ಅಪ್ಪಾ, ಅವರು ಮೊದಲೇ ನೋಡಿಕೊಂಡಿದ್ರು. ಗುರುತು ಇರೋ ಕಡೇನೇ ಹೊಡೀತಿದಾರೆ."

"ಕಂಡಿದ್ರೆ ಹೊಡೀತಿರಲಿಲ್ಲ. ಕಂಡಿಲ್ಲ. ನೀವು ಸುತ್ತಿಬಿಟ್ಟಿದ್ರಿ. ಅಯ್ಯೋ ಮಗಳೇ, ಯಾಕೆ ಬಿಚ್ಚಿದೆ? ನಿನಗೆ ಬಿಚ್ಚೋದು ಕಲಿಸಿದ್ದೇ ನನ್ನ ತಪ್ಪು."

ಕೆಟ್ಟ ಮನುಷ್ಯನಲ್ಲ ಅವನು. ಮಗಳ ಮೊಂಡು ತೋಳನ್ನು ಹಿಡಿದುಕೊಂಡು ಗಳಗಳನೆ ಅತ್ತ. ಅತ್ತು ಮುಗಿದ ಮೇಲೆ ಎದ್ದು ಹೋಗಿ ಬಿಳಿ ಬಟ್ಟೆಯ ದೊಡ್ಡ ಸುರುಳಿಯನ್ನು ನೆಲಕ್ಕೆ ಉರುಳಿಸಿದ. ಹಳೆಯದರ ಎರಡರಷ್ಟು ದೊಡ್ಡದಾಗಬೇಕು, ಕೆಂಪು ಇನ್ನೂ ಕಣ್ಣಿಗೆ ಹೊಡೆಯುವಂತಿರಬೇಕು, ಇನ್ನೊಮ್ಮೆ ಯಾವ ಪೈಲಟ್ಟೂ ಕಾಣಲಿಲ್ಲ ಎನ್ನಬಾರದು. ಅವನ ಕಸುಬಿಗೆ ಗೊತ್ತಿದ್ದ ಉತ್ತರ ಅದೊಂದೇ: ಕೆಟ್ಟದ್ದು ನಡೆದರೆ ಬಟ್ಟೆ ಸಾಲದು, ಇನ್ನೂ ದೊಡ್ಡದು ಹೊಲಿ. ಕಾರ್ಯದರ್ಶಿ ಈ ಕತೆಯನ್ನು ಸಭೆಗಳಲ್ಲಿ ಹೇಳಿ ಜನರನ್ನು ಅಳಿಸಿದರು. ಮಗಳು ಬಿಚ್ಚಿದ್ದನ್ನು ಅಪ್ಪ ಮತ್ತೆ ಹೊಲಿಯುತ್ತಿದ್ದಾನೆ ಎಂದರೆ ಯಾರಿಗೆ ಅಳು ಬರುವುದಿಲ್ಲ?

* * *

ಹೆಣ ಎತ್ತುವ ಮೊದಲು ಮಗಳು ಕಾರ್ಯದರ್ಶಿಯನ್ನೂ ಚಿಕ್ಕಪ್ಪನನ್ನೂ ಅಂಗಳದ ಮೂಲೆಗೆ ಕರೆದಳು. ಬಟ್ಟೆ ಆಗಲೇ ಲಾರಿಯ ಪಕ್ಕದಲ್ಲಿ ಮಡಚಿ ಬಿದ್ದಿತ್ತು.

ಕಾರ್ಯದರ್ಶಿ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಅಂದರು: "ಅಮ್ಮಾ, ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಗುರುತು ಇರೋ ಆಸ್ಪತ್ರೆಗೆ ಹೊಡೆಯಬಾರದು ಅಂತ ದೇಶದೇಶಗಳು ಕೂತು ಮಾಡಿದ ಕಾನೂನಿದೆ. ಇಡೀ ಲೋಕ ಒಪ್ಪಿಕೊಂಡಿರೋದನ್ನ ಸುಳ್ಳು ಅಂತೀಯಾ?"

"ಲೋಕ ಒಪ್ಪಿರಬಹುದು ಸಾರ್. ಪೈಲಟ್ ಒಪ್ಪಿಲ್ಲ."

"ಹಂಗಾದ್ರೆ ಹೊಸ ಡಾಕ್ಟರು ಯಾಕೆ ಕೇಳ್ತಾರೆ?"

"ಅವರು ಹೊಸಬರು ಸಾರ್. ಅವರಿಗೆ ಹೇಳೋವ್ರು ಯಾರೂ ಉಳಿದಿಲ್ಲ. ಫೋನು ಸಿಗಲ್ಲ. ನಾನಾದ್ರೂ ಲಾರೀಲಿ ಹೋಗಿ ಹೇಳಿ ಬರ್ತೀನಿ."

"ನೀನಾ?" ಎಂದ ಚಿಕ್ಕಪ್ಪ. "ಒಂದು ಸಲ ಹೋಗಿ ಬಿಚ್ಚಿ ಬಂದಿದ್ದು ಸಾಲದಾ? ಇದು ನಾನು ಮುಗಿಸಿರೋ ಬಟ್ಟೆ. ಇನ್ನು ಮುಂದೆ ಸಂಘದ ಬಟ್ಟೆಯೆಲ್ಲ ನಾನೇ ಹೊಲಿಯೋದು. ಸಾರ್ ಆಗಲೇ ಹೇಳಿದಾರೆ."

ಅಂಗಳದಲ್ಲಿ ನಿಂತಿದ್ದವರು ಯಾರೋ, "ಹೊಸ ಮೇಸ್ತ್ರಿಗಳೇ, ಹೊತ್ತಾಯ್ತು" ಎಂದು ಕೂಗಿದರು. ಚಿಕ್ಕಪ್ಪನ ಮುಖ ಅರಳಿತು. ಅಣ್ಣ ಸತ್ತ ದಿನ ಮುಖ ಅರಳಬಾರದೆಂದು ನೆನಪಾಗಿ ಮತ್ತೆ ಬಾಡಿಸಿಕೊಂಡ.

ಸ್ಮಶಾನದಲ್ಲಿ, ಶವದ ಪೆಟ್ಟಿಗೆಯನ್ನು ಗುಂಡಿಯ ಅಂಚಿಗೆ ಇಟ್ಟಾಗ, ಅವಳು ಇನ್ನೊಂದು ದಾರಿ ಹಿಡಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಬಟ್ಟೇನ ಅಪ್ಪನ ಜತೇನೇ ಹಾಕಿಬಿಡಿ. ಅದರ ಮೇಲೇ ತಲೆಯಿಟ್ಟು ಹೋದರು. ಅವರಿಗೇ ಸೇರಲಿ."

ಹೆಂಗಸರ ಗುಂಪಿನಿಂದ ಬಿಕ್ಕುವ ಸದ್ದು ಬಂತು. "ಅಯ್ಯೋ, ಎಂಥಾ ಪ್ರೀತಿ ನೋಡ್ರೀ" ಎಂದಳು ಎದುರುಮನೆಯಾಕೆ. ಗುಂಡಿ ತೋಡುವವನೂ ಗುದ್ದಲಿ ಊರಿಕೊಂಡು ಯೋಚಿಸಿದ; ಇನ್ನಷ್ಟು ಅಗಲ ಬೇಕಾಗುತ್ತೆ ಎಂದ. ಒಂದು ಗಳಿಗೆ ಎಲ್ಲರೂ ಕಾರ್ಯದರ್ಶಿಯ ಮುಖ ನೋಡಿದರು.

"ಅಷ್ಟು ಒಳ್ಳೇ ಬಟ್ಟೆ ಮಣ್ಣಿಗಾ?" ಎಂದ ಚಿಕ್ಕಪ್ಪ. "ಅಲ್ಲಿ ಜೀವ ಉಳಿಸೋ ಬಟ್ಟೆ. ಅಣ್ಣನ ಆತ್ಮ ಒಪ್ಪುತ್ತಾ? ಅವನ ಜತೆ ಏನಾದ್ರೂ ಹಾಕಲೇಬೇಕು ಅಂದ್ರೆ ಅವನ ಕತ್ತರಿ ಹಾಕೋಣ."

ಎಷ್ಟು ಸರಿಯಾದ ಮಾತು ಎಂದು ಎಲ್ಲರೂ ತಲೆದೂಗಿದರು. ಯಾರೋ ಓಡಿಹೋಗಿ ಅಂಗಡಿಯ ದೊಡ್ಡ ಕತ್ತರಿಯನ್ನು ತಂದರು, ತಾಯಿ ಅದನ್ನು ಗಂಡನ ಎದೆಯ ಮೇಲಿಟ್ಟಳು. ಮುಚ್ಚಳ ಹಾಕಿದರು. ಮಣ್ಣು ಬಿತ್ತು. ಮಗಳೂ ಎಡಗೈಯಿಂದ ಒಂದು ಹಿಡಿ ಹಾಕಿದಳು. ಅಪ್ಪನಿಗಾಗಿ ಅವಳಿಗೆ ಅಳು ಬಂದದ್ದು ಆಗಲೇ. ಈ ಮುದುಕ ತನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡದೇ ಇದ್ದಿದ್ದರೆ ಸಾಕಾಗಿತ್ತು ಎಂದುಕೊಂಡು ಅತ್ತಳು.

* * *

ಉಳಿದವನು ಲಾರಿ ಡ್ರೈವರ್ ಒಬ್ಬನೇ. ಜನ ಸ್ಮಶಾನದಿಂದ ನಿಧಾನವಾಗಿ ಹಿಂದಿರುಗುತ್ತಿದ್ದಾಗ ಅವಳು ಓಡೋಡಿ ಬಂದು ಅವನನ್ನು ಹಿಡಿದಳು. ಅವನು ಚಕ್ರದ ಗಾಳಿ ನೋಡುತ್ತಿದ್ದ. ಗಡಿಯಾಚೆಗೆ ಹೋಗಿ ಬಂದು ಮಾಡಿದ್ದವನು; ಅವಳು ಅರ್ಧ ಹೇಳುವುದರೊಳಗೆ ಅವನಿಗೆ ಪೂರ್ತಿ ತಿಳಿಯಿತು.

"ಗೊತ್ತಿಲ್ವಾ ಅಕ್ಕಾ? ನಾವು ಅಲ್ಲಿ ಲಾರಿಗೆ ಕೆಸರು ಬಳಿದುಕೊಂಡು ಹೋಗ್ತೀವಿ. ಬಿಸಿಲಿಗೆ ಹೊಳೀಬಾರದು ಅಂತ ಕನ್ನಡೀನೂ ಮುಚ್ತೀವಿ." ಮಡಚಿಟ್ಟ ಬಟ್ಟೆಯ ಕಡೆ ನೋಡಿದ. "ಇದನ್ನ ಹಿಂದೆ ಪೆಟ್ಟಿಗೆಗಳ ಅಡಿಗೆ ಹಾಕ್ಕೋತೀನಿ. ಘಾಟಿ ದಾಟಿದ ಮೇಲೆ ಕಣಿವೆಗೆ ಉರುಳಿಸಿಬಿಡ್ತೀನಿ. ದಾರೀಲಿ ಕಳುವಾಯ್ತು ಅಂತೀನಿ."

"ನಿಜವಾಗ್ಲೂ?"

"ನನ್ನ ಮಕ್ಕಳಾಣೆ."

ಅವಳು ಅವನ ಕೈಯನ್ನು ಹಿಡಿದುಕೊಂಡಳು. ಬೆಳಗಿನಿಂದ ಮೊದಲ ಸಲ ಅವಳಿಗೆ ಸರಾಗವಾಗಿ ಉಸಿರು ಬಂತು. ಜನ ಬಂದರು, ಅವಳು ಪಕ್ಕಕ್ಕೆ ಸರಿದು ನಿಂತಳು, ತಾಯಿ ಕೊಟ್ಟ ನೀರು ಕುಡಿದಳು.

ಅಷ್ಟರಲ್ಲಿ ನಾಲ್ಕು ಹನಿ ಬಿದ್ದವು.

"ಔಷಧಿ ಪೆಟ್ಟಿಗೆ ನೆನೆಯುತ್ತೆ!" ಎಂದರು ಕಾರ್ಯದರ್ಶಿ.

"ನನ್ನ ಹತ್ರ ಟಾರ್ಪಾಲಿದೆ ಸಾರ್, ಈಗ ಹಾಕ್ತೀನಿ" ಎಂದು ಡ್ರೈವರ್ ಸೀಟಿನ ಹಿಂದಿನಿಂದ ಮಣ್ಣು ಬಣ್ಣದ ಹರಕು ಮುದ್ದೆಯೊಂದನ್ನು ಎಳೆದ.

ಚಿಕ್ಕಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಎತ್ತಿ ಎಲ್ಲರಿಗೂ ತೋರಿಸಿದ. "ಮೇಸ್ತ್ರಿ ಮನೆ ಬಾಗಿಲಿಂದ ಹೊರಡೋ ಲಾರಿಗೆ ಇದಾ? ಮಾನ ಹೋಗಲ್ವೇನ್ರೀ?" ಗುಂಪು ನಕ್ಕಿತು. "ಬನ್ರೋ, ಹಿಡೀರಿ. ಅಣ್ಣನ ಬಟ್ಟೇನೇ ಹೊದಿಸೋಣ. ಊರಿಂದ ಹೋಗೋವಾಗ ದಾರಿ ಉದ್ದಕ್ಕೂ ಜನ ನೋಡಲಿ. ಗುರುತು ಮೇಲೆ ಬರಲಿ, ಗುರುತು ಮೇಲೆ!"

"ಬೇಡ ಸಾರ್, ಆ ಕಡೆ ಹಿಂಗೆಲ್ಲ ಹೋಗಬಾರದು" ಎಂದ ಡ್ರೈವರ್. ಅವನ ಮಾತು ಗದ್ದಲದಲ್ಲಿ ಮುಚ್ಚಿಹೋಯಿತು. ಬೆಳಗ್ಗೆ ಎಳೆಯಲು ಒದ್ದಾಡಿದವರು ಈಗ ಹುಮ್ಮಸ್ಸಿನಿಂದ ಎತ್ತಿದರು. ಬಟ್ಟೆ ಪೆಟ್ಟಿಗೆಗಳ ಮೇಲೆ ಬಿಗಿಯಾಗಿ ಕೂತು, ಎರಡೂ ಕಡೆ ಚಕ್ರದವರೆಗೂ ಇಳಿಯಿತು. ಚಿಕ್ಕಪ್ಪ ಲಾರಿಯ ಸುತ್ತ ನಡೆಯುತ್ತ ಒಂದೊಂದು ಕೊಂಡಿಗೂ ಮನೆಯ ಗಂಟು ಹಾಕಿದ. ಹಾಕುತ್ತ ಅಣ್ಣನ ಮಗಳ ಕಡೆ ಒಮ್ಮೆ ನೋಡಿದ.

ಕೊನೆಯ ಗಂಟು ಬಿಗಿದು ಕೈ ಕೊಡವಿಕೊಂಡು, ಅವನು ಡ್ರೈವರ್ ಪಕ್ಕದ ಬಾಗಿಲು ತೆಗೆದು ಹತ್ತಿ ಕೂತ. "ನಾನೂ ಬರ್ತೀನಿ. ಚಾವಣಿ ಮೇಲೆ ನನ್ನ ಕೈಯಾರೆ ಕಟ್ಟಿ ಬರ್ತೀನಿ. ಯಾರೂ ಬಿಚ್ಚದ ಹಾಗೆ."

ಜನ ಚಪ್ಪಾಳೆ ತಟ್ಟಿದರು. ತಾಯಿ ಒಳಗಿನಿಂದ ಮೇಸ್ತ್ರಿಯ ಕೋಟು ತಂದು ಮೈದುನನ ಕೈಗೆ ಕೊಟ್ಟಳು. ಬೆಟ್ಟದ ಮೇಲೆ ಚಳಿ ಇರುತ್ತದೆ ಎಂದಳು. ಕಟ್ಟಿದ ಮೇಲೆ ಮೇಲಿನಿಂದ ಒಂದು ಫೋಟೋ ತೆಗೆದು ಕಳಿಸು ಎಂದೂ ಹೇಳಿದಳು. ಡ್ರೈವರ್ ಮಗಳ ಮುಖ ನೋಡಿದ. ಆಮೇಲೆ ಕಣ್ಣು ತಪ್ಪಿಸಿ, ಹತ್ತಿ ಕೂತು, ಇಂಜಿನ್ ಚಾಲೂ ಮಾಡಿದ.

"ಚಾಕು ಕೊಡಿ" ಎಂದಳು ಮಗಳು. ಇಸ್ತ್ರಿ ಅಂಗಡಿಯವನ ಅಂಗಿ ಹಿಡಿದು ಜಗ್ಗಿದಳು. "ಚಾಕು, ಬ್ಲೇಡು, ಏನಾದ್ರೂ ಕೊಡಿ!"

ಅವನು ಹೆದರಿ ಹಿಂದಕ್ಕೆ ಸರಿದ. "ಅಪ್ಪನ ಕೆಲಸಕ್ಕೆ ಚಾಕು ಹಾಕ್ತೀಯಾ ತಾಯಿ? ಸಮಾಧಾನ ಮಾಡ್ಕೋ."

ಅವಳು ಲಾರಿಯ ಹಿಂಬದಿಗೆ ಓಡಿದಳು. ಮೂಲೆಯ ಗಂಟು ಅವಳ ಮುಖದ ಎತ್ತರಕ್ಕಿತ್ತು. ಎಡಗೈಯಿಂದ ಎಳೆಯನ್ನು ಸಡಿಲಿಸಿದಳು. ಹೆಬ್ಬೆರಳು ನೂಕಬೇಕಾದ ಕೈ ಇರಲಿಲ್ಲ. ಮೊಂಡು ತೋಳನ್ನು ಒತ್ತಿ ನೋಡಿದಳು, ಪಿನ್ನು ಬಿಚ್ಚಿಹೋಗಿ ಅಂಗಿಯ ಖಾಲಿ ತೋಳು ಜೋತುಬಿತ್ತು. ಆಮೇಲೆ ಬಾಯಿ ಹಾಕಿದಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು, ತಲೆಯನ್ನು ಅತ್ತ ಇತ್ತ ಆಡಿಸಿದಳು.

"ಅಯ್ಯೋ, ಮುತ್ತು ಕೊಡ್ತಿದಾಳೆ ನೋಡ್ರೀ ಅಪ್ಪನ ಬಟ್ಟೆಗೆ" ಎಂದಳು ಎದುರುಮನೆಯಾಕೆ. ಸುತ್ತ ನಿಂತವರೆಲ್ಲ ಕಣ್ಣೊರೆಸಿಕೊಂಡರು. ಕಾರ್ಯದರ್ಶಿ ಸಂಘದವರಲ್ಲಿ ಒಬ್ಬನನ್ನು ಮುಂದೆ ತಳ್ಳಿದರು. ಅವನು ಬಗ್ಗಿ ಎರಡು ಫೋಟೋ ತೆಗೆದ.

ಲಾರಿ ಹೊರಟಿತು. ಅವಳು ಹಲ್ಲು ಬಿಡಲಿಲ್ಲ. ಕೆಲವು ಹೆಜ್ಜೆ ಜತೆಯಲ್ಲೇ ಓಡಿದಳು, ಆಮೇಲೆ ಹಗ್ಗ ಬಾಯಿಂದ ಕಿತ್ತುಕೊಂಡು ಹೋಯಿತು. ಅವಳು ಮಂಡಿಯೂರಿ ಬಿದ್ದಳು. ತುಟಿಯಿಂದ ಗಲ್ಲಕ್ಕೆ ರಕ್ತ ಇಳಿಯಿತು. ತಾಯಿ ಬಂದು ಅವಳ ಬಾಯಿ ಒರೆಸಿ, ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಹನಿ ನಿಂತು ಬಿಸಿಲು ಬಂತು. ಊರಾಚೆ ರಸ್ತೆ ಬೋಳು ಗುಡ್ಡವನ್ನು ಸುತ್ತಿಕೊಂಡು ಮೇಲೆ ಹೋಗುತ್ತದೆ. ಲಾರಿ ಚಿಕ್ಕದಾಗುತ್ತ ಬಂತು, ಆಮೇಲೆ ಲಾರಿ ಕಾಣಿಸದಾಯಿತು. ಜನ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಲೇ ಇದ್ದರು.

"ಇನ್ನೂ ಕಾಣ್ತಾ ಇದೆ ನೋಡು" ಎಂದ ಇಸ್ತ್ರಿ ಅಂಗಡಿಯವ. "ಅಗೋ, ಅಲ್ಲಿ. ಕೆಂಪಗೆ."